ಅಜ್ಜನ ಪ್ರಶ್ನೆಗೆ ಉತ್ತರ ಸಿಗುತ್ತಿಲ್ಲ, ಸಹಾಯ ಬೇಕು

ನಮಸ್ಕಾರ. ನಮ್ಮದು ಶಿರಸಿ ಹತ್ತಿರದ ಹಳ್ಳಿ. ಅಜ್ಜನಿಗೆ ಪಂಚಾಂಗ ನೋಡದೆ ಬೆಳಗಿನ ಚಹಾ ಸೇರುವುದಿಲ್ಲ. ಗ್ರಹಣ ನೆರಳಿನ ಆಟ ಅಂದರೆ ಒಪ್ಪುತ್ತಾನೆ. ಆರ್ಯಭಟ 499ರಲ್ಲೇ ಹೇಳಿದ್ದಾನಲ್ಲ ಅನ್ನುತ್ತಾನೆ. ಆದರೆ ಭೂಮಿ ಸೂರ್ಯನ ಸುತ್ತ ಹೋಗುತ್ತದೆ ಅಂದರೆ ಮಾತ್ರ, "ನೀ ನೋಡಿದ್ಯನೇ ಕೂಸೆ?" ಅನ್ನುತ್ತಾನೆ. ಪ್ರಶ್ನೆ ನ್ಯಾಯದ್ದೇ ಅಲ್ವಾ?

2025ರ ಮಾರ್ಚ್ ಮೊದಲ ವಾರ ಕಾರವಾರದ ಕಡಲ ತೀರಕ್ಕೆ ಕರೆದುಕೊಂಡು ಹೋಗಿ ದುರ್ಬೀನಿನಲ್ಲಿ ಶುಕ್ರನನ್ನು ತೋರಿಸಿದೆ. ಕುಡುಗೋಲಿನ ಹಾಗೆ ಕಂಡಿತು. ಶುಕ್ರನ ಇಂಥ ಕಲೆಗಳನ್ನೇ (ಚಂದ್ರನ ಹಾಗೆ ಬದಲಾಗುವ ಆಕಾರಗಳನ್ನೇ) ಗೆಲಿಲಿಯೋ 1610ರಲ್ಲಿ ನೋಡಿದ್ದು. ಶುಕ್ರ ಸೂರ್ಯನ ಸುತ್ತ ಹೋಗುತ್ತದೆ ಅಂತ ಅಜ್ಜ ಒಪ್ಪಿದ. ಆದರೆ ಸೂರ್ಯನೇ ಶುಕ್ರನನ್ನು ಕರೆದುಕೊಂಡು ನಮ್ಮ ಸುತ್ತ ಬರಬಹುದಲ್ಲ ಅಂದ. ಹುಡುಕಿದರೆ, ಹದಿನಾರನೇ ಶತಮಾನದ ಖಗೋಳಜ್ಞ ಟೈಕೋ ಬ್ರಾಹೆ ಹೇಳಿದ್ದೂ ಅದನ್ನೇ! ನಾನು ಸಿಕ್ಕಿಬಿದ್ದದ್ದು ಇಲ್ಲೇ.

ಫೂಕೋನ ಲೋಲಕ (ಉದ್ದ ತಂತಿಗೆ ತೂಗುಬಿಟ್ಟ ಭಾರದ ಗುಂಡು) ಕಟ್ಟೋಣ ಅಂದರೆ ಅದು ಭೂಮಿ ತನ್ನ ಸುತ್ತ ತಿರುಗುವುದನ್ನಷ್ಟೇ ತೋರಿಸುತ್ತದೆ. ಭೂಮಿ ಸೂರ್ಯನ ಸುತ್ತ ಹೋಗುವುದರಿಂದ ನಕ್ಷತ್ರ ಆಚೀಚೆ ಸರಿದಂತೆ ಕಾಣುತ್ತದೆ; ಆದರೆ 1838ರಲ್ಲಿ ಖಗೋಳಜ್ಞ ಬೆಸೆಲ್ ಅಳೆದ ಆ ಸರಿದಾಟ ಮನೆಯಲ್ಲಿ ಕಾಣದಷ್ಟು ಸಣ್ಣದು. ಸುಮ್ನೆ "ವಿಜ್ಞಾನ ಹೇಳಿದೆ, ನಂಬು" ಅನ್ನಲು ನನಗೆ ಮನಸ್ಸಿಲ್ಲ.

ಭೂಮಿಯೇ ಸೂರ್ಯನ ಸುತ್ತ ಹೋಗುತ್ತದೆ ಎನ್ನಲು, ಅಜ್ಜ ಅಂಗಳದಲ್ಲಿ ಕೂತು ನೋಡಿಯೋ ಲೆಕ್ಕ ಹಾಕಿಯೋ ಒಪ್ಪಬಹುದಾದ ಪುರಾವೆ ಯಾವುದು?