ಜಿಪ್ಸಿ ಹೆಡ್‌ಗೆ 36 ಸಾಕಾ, 38 ಹಾಕಿಸೋದಾ?

ಹಳೇಜಿಪ್ಸಿ:
8 ವಾಲ್ವಿನ ಕಾರ್ಬುರೇಟರ್ ಜಿಪ್ಸಿ, 1298 ಸಿಸಿ. ಬೋರ್ (ಸಿಲಿಂಡರ್ ಅಗಲ) 74, ಸ್ಟ್ರೋಕ್ (ಪಿಸ್ಟನ್ ಓಡೋ ದೂರ) 75.5 ಮಿ.ಮೀ. ವಾಲ್ವ್‌ಗಳಿರೋ ಇಂಜಿನ್ ಹೆಡ್ ಬಿಚ್ಚಿದೆ. ಗಾಳಿ ಒಳಬರೋ ಇನ್‌ಟೇಕ್ ವಾಲ್ವ್ 36, ಹೊಗೆ ಹೊರಹೋಗೋ ಎಕ್ಸಾಸ್ಟ್ 30 ಮಿ.ಮೀ. ಅಳತೆ ಬರ್ತಿದೆ. ಎರಡು ಎಕ್ಸಾಸ್ಟ್ ಸೀಟ್ (ಮುಚ್ಚಿದ ವಾಲ್ವ್ ಕೂರೋ ರಿಂಗ್) ಗುಳಿಬಿದ್ದಿವೆ, ಹೇಗೂ ಹೊಸ ರಿಂಗ್ ಕೂರಿಸಬೇಕು. ಅದರ ಜೊತೆಗೇ 38/32 ಮಾಡಿಸಿಬಿಡಿ ಅಂತಾರೆ ಲೇತ್‌ನವರು. ವಾಲ್ವ್ ಎತ್ತೋ ಕ್ಯಾಮ್ ಕಂಪನಿದೇ, ಲಿಫ್ಟ್ (ವಾಲ್ವ್ ಏಳೋ ಎತ್ತರ) 8 ಮಿ.ಮೀ. ಹತ್ತಿರ. ಓಡಾಟ ಸಿಟಿಯೇ ಹೆಚ್ಚು, ಆಗಾಗ ಸಕಲೇಶಪುರ. ಏನಂತೀರಿ?

ಮೂರನೇಗೇರ್:
ಕಣ್ಮುಚ್ಚಿ 38 ಹಾಕ್ಸಿ ಗುರು. ವಾಲ್ವ್ ಏರಿಯಾ 11% ಜಾಸ್ತಿ ಆಗುತ್ತೆ. ಅದೂ ಅಲ್ದೆ ಬೆಂಗಳೂರು ಇರೋದು 900 ಮೀಟರ್ ಮೇಲೆ, ಗಾಳಿ ತೆಳು. ಆ ನಷ್ಟ ತುಂಬೋಕೆ ದೊಡ್ಡ ಬಾಯಿ ಬೇಕೇ ಬೇಕು.

ಮೈಕ್ರೋಮೀಟರ್:
"11%" ಸಿಗೋದು ವಾಲ್ವನ್ನ ಕಿತ್ತು ಪಕ್ಕಕ್ಕಿಟ್ಟರೆ. ಓಡೋ ಇಂಜಿನ್‌ನಲ್ಲಿ ಗಾಳಿ ನುಗ್ಗೋದು ವಾಲ್ವ್ ಅಂಚಿಗೂ ಸೀಟಿಗೂ ನಡುವಿನ ಸಂದಿಯಲ್ಲಿ: ಪೈ × ಡಯಾ × ಲಿಫ್ಟ್. 8 ಮಿ.ಮೀ. ಎದ್ದಾಗ 36ಕ್ಕೆ 905 ಚದರ ಮಿ.ಮೀ., 38ಕ್ಕೆ 955. ಐದೂವರೆ ಪರ್ಸೆಂಟ್, ಅಷ್ಟೇ. ಲಿಫ್ಟು ಡಯಾದ ಕಾಲುಭಾಗ ಮುಟ್ಟೋತನಕ ಈ ಸಂದಿಯೇ ಕತ್ತು ಹಿಡಿಯೋದು. 36ಕ್ಕೆ ಆ ಕಾಲುಭಾಗ 9 ಮಿ.ಮೀ., ಇವರ ಕ್ಯಾಮ್ ಅಲ್ಲಿಗೇ ತಲುಪಲ್ಲ. ಜೊತೆಗೆ ವಾಲ್ವ್ ಅಂಚು ಸಿಲಿಂಡರ್ ಗೋಡೆಗೆ ಇನ್ನೊಂದು ಮಿ.ಮೀ. ಹತ್ತಿರ ಬರುತ್ತೆ. ಆ ಕಡೆಯಿಂದ ಗಾಳಿ ಸಲೀಸಾಗಿ ಬರಲ್ಲ, ಐದೂವರೆಯಲ್ಲೂ ಒಂದಷ್ಟು ಅಲ್ಲೇ ಖೋತಾ.

ಮೂರನೇಗೇರ್:
"ಅಷ್ಟೇ" ಅಂತೆ. ಐದೂವರೆ ಪರ್ಸೆಂಟ್ ಪುಕ್ಕಟೆ ಬಂದ್ರೆ ಯಾಕ್ರೀ ಬಿಡ್ಬೇಕು? ಗಾಳಿ ತೆಳು ಅಂದಿದ್ದಕ್ಕೆ ಉತ್ತರಾನೇ ಇಲ್ಲ.

ಪೀಣ್ಯಲೇತ್:
ಪುಕ್ಕಟೆ ಅಲ್ಲ ಸರ್. ಎರಡೂ ವಾಲ್ವ್ ದೊಡ್ಡದು ಮಾಡಿದ್ರೆ ಎರಡು ಸೀಟಿನ ನಡುವಿನ ಅಲ್ಯೂಮಿನಿಯಂ ಪಟ್ಟಿ 2 ಮಿ.ಮೀ. ಸಣ್ಣದಾಗುತ್ತೆ. ಹೆಡ್ ಕಾದಾಗ ಬಿರುಕು ಬಿಡೋ ಜಾಗವೇ ಅದು. ಎಕ್ಸಾಸ್ಟ್ 30ಕ್ಕೇ ಇರಲಿ. ಇನ್‌ಟೇಕ್ 38 ಮಾಡಿದರೂ ಎಕ್ಸಾಸ್ಟ್ ಅದರ 79% ಬರುತ್ತೆ, ಸಾಕು. ಇನ್ನೊಂದು, 38 ವಾಲ್ವ್ ಕೂರಿಸಿ ಅದರ ಕೆಳಗಿನ ಗಂಟಲನ್ನ ಹಳೇ ಅಳತೆಗೇ ಬಿಟ್ಟರೆ ದುಡ್ಡು ದಂಡ. ಗಂಟಲು ವಾಲ್ವಿನ 85–88% ಇರಬೇಕು, ಅಂದ್ರೆ 32.3–33.4. ರಿಂಗ್ 0.1 ಮಿ.ಮೀ. ಬಿಗಿ ಇರಲಿ. ಹೆಡ್ಡನ್ನ ಓವನ್‌ನಲ್ಲಿ 150 ಡಿಗ್ರಿಗೆ ಕಾಯಿಸಿ, ರಿಂಗನ್ನ ಫ್ರೀಜರ್‌ನಲ್ಲಿಟ್ಟು ಕೂರಿಸಿ. ತಣ್ಣನೆ ಹೆಡ್‌ಗೆ ಸುತ್ತಿಗೆಯಲ್ಲಿ ಹೊಡೆದು ಕೂರಿಸಿದ ರಿಂಗ್ ಹೆಡ್ಡನ್ನ ಕೆರೆದುಕೊಂಡು ಇಳಿಯುತ್ತೆ, ಬಿಗಿ ನಿಲ್ಲಲ್ಲ, ಬಿಸಿಯಾದಾಗ ಒಂದಿನ ಕಳಚುತ್ತೆ.

ಮೈಕ್ರೋಮೀಟರ್:
"ಗಾಳಿ ತೆಳು" ವಾದಕ್ಕೆ ಉತ್ತರ ಬೇಕಲ್ವಾ, ತಗೊಳ್ಳಿ. ನೀರು ಬೆರೆಸಿದ ಹಾಲನ್ನ ಅಗಲಬಾಯಿ ಪಾತ್ರೆಗೆ ಹುಯ್ದರೆ ಗಟ್ಟಿಯಾಗುತ್ತಾ? ಪಿಸ್ಟನ್ ಪ್ರತಿ ಸಲ ಎಳೆಯೋ ಜಾಗ ಅಷ್ಟೇ. ಇಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟಕ್ಕಿಂತ ಸುಮಾರು 10% ಕಮ್ಮಿ, ಅದು ವಾಲ್ವಿಗೆ ಬರೋ ಮೊದಲೇ ಕಮ್ಮಿ.

ಮೂರನೇಗೇರ್:
ಹಾಲಿನ ಲೆಕ್ಕ ಡೈರಿಯಲ್ಲಿ ಹೇಳಿ. ಎತ್ತರ ಲೆಕ್ಕಕ್ಕೇ ಇಲ್ಲ ಅಂದ್ರೆ ಬೆಟ್ಟದ ಮೇಲೆ ಟರ್ಬೋ ಗಾಡಿ ಯಾಕೆ ಚೆನ್ನಾಗಿ ಎಳೆಯುತ್ತೆ?

ಮೈಕ್ರೋಮೀಟರ್:
ಟರ್ಬೋ ಒತ್ತಡ ಏರಿಸುತ್ತೆ, ವಾಲ್ವ್ ಏರಿಸಲ್ಲ. ನಿಮ್ಮ ಪ್ರಕಾರ ಶಿರಾಡಿ ಇಳಿದು ಮಂಗಳೂರಿಗೆ ಹೋದವರು ಅಲ್ಲಿ ಹೆಡ್ ಬಿಚ್ಚಿ ಮತ್ತೆ 36 ಹಾಕಿಸ್ಬೇಕಾ?

ಚೋಕ್‌ಎಳೆದವ:
ಇಬ್ಬರೂ ಸ್ವಲ್ಪ ತಣ್ಣಗಾಗಿ. ಎತ್ತರಕ್ಕೆ ಮುಟ್ಟಬೇಕಾದ್ದು ಕಾರ್ಬುರೇಟರ್ ಜೆಟ್, ಪೆಟ್ರೋಲ್ ಬಿಡೋ ತೂತು. ಗಾಳಿ ತೆಳುವಾದ್ರೆ ಮಿಶ್ರಣದಲ್ಲಿ ಪೆಟ್ರೋಲ್ ಜಾಸ್ತಿಯಾಗುತ್ತೆ, ಪ್ಲಗ್ ಕಪ್ಪಗಾಗುತ್ತೆ. ಪ್ಲಗ್ ನೋಡ್ಕೊಂಡು ಮೇನ್ ಜೆಟ್ ಒಂದು ಸೈಜ್ ಇಳಿಸಿ.

ಮೂರನೇಗೇರ್:
"ಎತ್ತರಕ್ಕೆ ಮುಟ್ಟಬೇಕಾದ್ದು." ನೋಡಿದ್ರಾ, ಎತ್ತರದ್ದು ವ್ಯತ್ಯಾಸ ಇದೆ ಅಂತ ಇವರೇ ಒಪ್ಕೊಂಡ್ರು. ನಾನು ಮೊದಲಿಂದ ಹೇಳಿದ್ದೂ ಅದೇ.

ಚೋಕ್‌ಎಳೆದವ:
ಜೆಟ್ ಅಂದೆ ಮಾರಾಯ. ವಾಲ್ವ್ ಅನ್ನಲಿಲ್ಲ.

ಮೈಕ್ರೋಮೀಟರ್:
ಒಪ್ಪಿಗೆ ಹುಡುಕೋದು ಬಿಟ್ಟು ಲೆಕ್ಕ ಮಾಡ್ರೀ. 6000 ಆರ್‌ಪಿಎಂನಲ್ಲಿ ಪಿಸ್ಟನ್ ಸರಾಸರಿ ವೇಗ ಸೆಕೆಂಡಿಗೆ 15.1 ಮೀಟರ್. ಅದನ್ನ ಪಿಸ್ಟನ್ ಏರಿಯಾದಿಂದ ಗುಣಿಸಿ ವಾಲ್ವ್ ಏರಿಯಾಕ್ಕೆ ಭಾಗಿಸಿದರೆ 36ರಲ್ಲಿ ಗಾಳಿ 64 ಮೀಟರ್ ವೇಗದಲ್ಲಿ ಹೋಗುತ್ತೆ, 38ರಲ್ಲಿ 57. ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ 6000 ಮುಟ್ಟಿಸಿ ತೋರಿಸಿ. ಸಿಟಿಯ 2500ರಲ್ಲಿ 27 ಇದ್ದದ್ದು 24ಕ್ಕೆ ಇಳಿಯುತ್ತೆ. ಕಾರ್ಬುರೇಟರ್ ಗಾಡಿಗೆ ಆ ವೇಗವೇ ಪೆಟ್ರೋಲನ್ನ ಗಾಳಿಯಲ್ಲಿ ತೇಲಿಸೋದು. ಇಳಿದಷ್ಟೂ ಕೆಳಗಿನ ಎಳೆತ ಸತ್ತಂಗೆ.

ಮೂರನೇಗೇರ್:
ಸಿಲ್ಕ್ ಬೋರ್ಡ್‌ಗೆ ಜಿಪ್ಸಿ ಯಾಕೆ, ಆಟೋ ಸಾಕು. ಅವರು ಸಕಲೇಶಪುರ ಅಂದಿದ್ದಾರೆ. ಅದು 950 ಮೀಟರ್, ಬೆಂಗಳೂರಿಗಿಂತ ಎತ್ತರ. ಗೊತ್ತಿರಲಿ.

ಮೈಕ್ರೋಮೀಟರ್:
30 ಮೀಟರ್ ಎತ್ತರಕ್ಕೆ 2 ಮಿ.ಮೀ. ವಾಲ್ವ್. ಮುಳ್ಳಯ್ಯನಗಿರಿ ಹತ್ತಬೇಕಾದ್ರೆ ಬಕೆಟ್ ಮುಚ್ಚಳ ಹಾಕಿಸ್ಕೊಳ್ಳಿ.

ಹಳೇಜಿಪ್ಸಿ:
ಸರ್, ಎತ್ತರ ಸಾಕು. ನಾಳೆ ಲೇತ್‌ಗೆ ಹೆಡ್ ಕೊಡ್ಬೇಕು. ಎಕ್ಸಾಸ್ಟ್ ಸೀಟ್ ತೆಳುವಾಗಿ ಕತ್ತರಿಸಿದ್ರೆ ಒಳ್ಳೇದು ಅಂತಾರೆ, ಹೌದಾ?

ಪೀಣ್ಯಲೇತ್:
ಬೇಡವೇ ಬೇಡ. ವಾಲ್ವ್ ಮುಚ್ಚಿದಾಗ ಅದರ ಬಿಸಿಯ ಹೆಚ್ಚಿನ ಪಾಲು ಹೆಡ್‌ಗೆ ಇಳಿಯೋದು ಸೀಟಿನ ಮೂಲಕ. ಸೀಟಿನ ಅಗಲ 0.8 ಮಿ.ಮೀ.ಗೆ ಇಳಿಸಿದ್ರೆ ವಾಲ್ವ್ ಅಂಚು ಸುಡುತ್ತೆ. 1.3ರಿಂದ 1.5 ಇಡಿ, ಸೀಟು ತಾಗಿದ ಗುರುತು ವಾಲ್ವ್ ಮುಖದ ನಡುವೆ ಬೀಳಲಿ. ಗುರುತು ಮೇಲಕ್ಕೆ ಹೋಗಿದ್ರೆ 30 ಡಿಗ್ರಿ ಕಟರ್, ಕೆಳಕ್ಕೆ ಹೋಗಿದ್ರೆ 60.
ಗೈಡ್ (ವಾಲ್ವ್ ಕಡ್ಡಿ ಓಡೋ ಕೊಳವೆ) ಬದಲಾಯಿಸೋದಿದ್ರೆ ಮೊದಲು ಗೈಡ್, ಆಮೇಲೆ ಸೀಟ್. ಕಟರಿನ ಪೈಲಟ್ ಕಡ್ಡಿ ನಿಲ್ಲೋದು ಗೈಡಿನಲ್ಲಿ. ಗೈಡ್ ಅಲ್ಲಾಡಿದ್ರೆ ಸೀಟೂ ಸೊಟ್ಟ. ಸೀಟ್ ಎಷ್ಟು ಕೆಳಗಿಳಿಯುತ್ತೋ ಸ್ಪ್ರಿಂಗ್ ಅಡಿಗೆ ಅಷ್ಟೇ ದಪ್ಪದ ಶಿಮ್ ಬಿಲ್ಲೆ. ಕೊನೆಗೆ ಪೋರ್ಟಿಗೆ ಪೆಟ್ರೋಲ್ ಹಾಕಿ ಐದು ನಿಮಿಷ ಬಿಡಿ. ಚೇಂಬರ್ ಕಡೆ ಒದ್ದೆಯಾದ್ರೆ ಹೆಡ್ಡನ್ನ ವಾಪಸ್ ಕೊಡಿ, ದುಡ್ಡು ಕೊಡಬೇಡಿ.

ಮೂರನೇಗೇರ್:
"ಇನ್‌ಟೇಕ್ 38 ಮಾಡಿದರೂ" ಅಂತ ಪೀಣ್ಯಲೇತ್‌ನವರೇ ಹೇಳಿದ್ದಾರೆ. ಅಲ್ಲಿಗೆ 38 ಪಾಸ್.

ಪೀಣ್ಯಲೇತ್:
ಹಾಕಿಸಿ ಅನ್ನಲಿಲ್ಲ ಸರ್, ಹಾಕಿಸಿದ್ರೆ ಅಂದೆ. ಇದೇ ಕ್ಯಾಮ್ ಇಟ್ಕೊಂಡ್ರೆ 36ಕ್ಕೇ ಸೀಟನ್ನ ಮೂರು ಕೋನದಲ್ಲಿ ಕತ್ತರಿಸಿದ್ರೆ ಸಾಕು. ಹಳೇಜಿಪ್ಸಿಯವರೇ, ಇನ್‌ಟೇಕ್ ಗೈಡ್ ಆಟ ಎಷ್ಟಿದೆ ಅಂತ ಹೇಳಲೇ ಇಲ್ಲ. 0.02ರಿಂದ 0.05 ಮಿ.ಮೀ. ಒಳಗಿದೆಯಾ?

ಹಳೇಜಿಪ್ಸಿ:
ಡಯಲ್ ಗೇಜ್ ಇಲ್ಲ. ಕೈಯಲ್ಲಿ ಅಲ್ಲಾಡಿಸಿದ್ರೆ ಟಕ್ ಟಕ್ ಅನ್ನುತ್ತೆ.

ಪೀಣ್ಯಲೇತ್:
ಹಾಗಾದ್ರೆ ವಾಲ್ವ್ ಸೈಜ್ ಆಮೇಲೆ. ಎಂಟೂ ಗೈಡ್, ಎಂಟೂ ಆಯಿಲ್ ಸೀಲ್ ಮೊದಲು ತರಿಸಿ.