‘ನನ್ನ ಕಡ್ಡಿ ಎಷ್ಟಕ್ಕೆ ಹೋಯಿತು?’ ಎಂದರೆ ಪೇಟೆಯ ದರ ಹೇಳುವ ಏಜೆಂಟ್

ಪ್ರಶ್ನೆ (ಬ್ಯಾಡಗಿಯಿಂದ): ಮೇಡಂ, ನಮಸ್ಕಾರ. ಇಲ್ಲಿನ ಮೆಣಸಿನಕಾಯಿ ಮಾರುಕಟ್ಟೆಯ ಒಂದು ದಲಾಲಿ ಅಂಗಡಿಗೆ ಎಐ ಏಜೆಂಟ್ ಮಾಡಿಕೊಟ್ಟಿದ್ದೇನೆ. (ನಮ್ಮಲ್ಲಿ ಏಜೆಂಟ್ ಎಂದರೆ ಜನ ಮೊದಲು ದಲಾಲರನ್ನೇ ನೆನೆಯುತ್ತಾರೆ, ಅದು ಬೇರೆ ಮಾತು.) ರೈತರು ವಾಟ್ಸ್‌ಆ್ಯಪ್‌ನಲ್ಲಿ ಕೇಳಿದ್ದಕ್ಕೆ ಅದು ತಕ್ಕ ಟೂಲ್ (ಅಂಗಡಿಯ ಮಾಹಿತಿ ತಂದುಕೊಡುವ ಪುಟ್ಟ ಪ್ರೋಗ್ರಾಂ) ಕರೆದು ಉತ್ತರಿಸಬೇಕು. ಎರಡು ಟೂಲ್‌ಗಳ ನಡುವೆ ಎಡವುತ್ತಿದೆ. ಒಂದರ ವಿವರಣೆ, ‘ಮೆಣಸಿನಕಾಯಿಯ ದರಪಟ್ಟಿ ಕೊಡುತ್ತದೆ’. ಇನ್ನೊಂದರದು, ‘ಮಾರಾಟದ ವಿವರ ಕೊಡುತ್ತದೆ’. ‘ನನ್ನ ಕಡ್ಡಿ ಎಷ್ಟಕ್ಕೆ ಹೋಯಿತು?’ ಎಂದು ಕೇಳಿದ ರೈತರಿಗೆ (ಕಡ್ಡಿ, ಡಬ್ಬಿ ಎಂದರೆ ಮೆಣಸಿನಕಾಯಿಯ ತಳಿಗಳು) ಅವರು ತಂದ ಮಾಲಿನ, ಅಂದರೆ ಲಾಟಿನ, ಬೆಲೆ ಬಿಟ್ಟು ಆ ದಿನದ ಪೇಟೆ ದರ ಹೇಳುತ್ತದೆ. ಎರಡನೆಯದರ ವಿವರಣೆ ತಿದ್ದಿ ಹತ್ತು ಪ್ರಶ್ನೆ ಕೇಳಿದೆ, ಒಂಬತ್ತು ಸರಿ ಬಂದವು. ಮೊದಲು ಎಂಟು ಇದ್ದವು. ಸುಧಾರಿಸಿದೆ ಎನ್ನಬಹುದೇ?

ಉತ್ತರ (ಹುಬ್ಬಳ್ಳಿಯಿಂದ): ಎನ್ನಲಾಗದು. ಏನೂ ತಿದ್ದದೆ ಮತ್ತೊಮ್ಮೆ ಕೇಳಿದ್ದರೂ ಎಂಟು ಒಂಬತ್ತಾಗಬಹುದಿತ್ತು, ಏಳೂ ಆಗಬಹುದಿತ್ತು. ಒಂದೇ ಪ್ರಶ್ನೆಗೆ ಏಜೆಂಟ್‌ನೊಳಗಿನ ಎಐ ಮಾದರಿ ಪ್ರತಿ ಸಲ ಅದೇ ಟೂಲ್ ಆರಿಸುತ್ತದೆ ಎಂಬ ಖಾತ್ರಿಯಿಲ್ಲ. ಪ್ರತಿ ಸಲ ಸರಿಯಾಗುವ ಸಾಧ್ಯತೆ ಶೇ 90 ಇದ್ದರೂ ಸತತ ಮೂರು ಸಲ ಸರಿಯಾಗುವ ಸಾಧ್ಯತೆ ಶೇ 73ಕ್ಕೆ ಇಳಿಯುತ್ತದೆ. ಆದ್ದರಿಂದ ಪ್ರತಿ ಪ್ರಶ್ನೆಯನ್ನೂ ಐದು ಸಲವಾದರೂ ಕೇಳಿ. ಐದಕ್ಕೆ ಐದೂ ಸರಿಯಾದವನ್ನು ಬೇರೆಯಾಗಿ ಎಣಿಸಿ.

ನಿಮ್ಮ ಕೋಡ್ ಮಾದರಿಗೆ ಕಾಣುವುದಿಲ್ಲ. ಟೂಲ್‌ನ ಹೆಸರು, ವಿವರಣೆ, ತುಂಬಬೇಕಾದ ಅಂಕಣಗಳು, ಅದು ನೋಡುವುದು ಇಷ್ಟನ್ನೇ. ‘ಮಾರಾಟದ ವಿವರ’ ಎಂದರೆ ಯಾರ ಮಾರಾಟ? ಇಡೀ ಪೇಟೆಯದೋ, ಆ ರೈತರದೋ? ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗನೂ ಇಲ್ಲಿ ತಡವರಿಸುತ್ತಾನೆ. ಈ ಟೂಲನ್ನು ಯಾವಾಗ ಕರೆಯಬಾರದು ಎಂಬುದನ್ನೂ ವಿವರಣೆಯಲ್ಲಿ ಬರೆಯಿರಿ.

ಇನ್ನು ಪರೀಕ್ಷೆಯ ಪ್ರಶ್ನೆಗಳು. ಅವನ್ನು ದಯವಿಟ್ಟು ನೀವು ಬರೆಯಬೇಡಿ. ವಿವರಣೆ ಬರೆದವರೇ ಪ್ರಶ್ನೆಯನ್ನೂ ಬರೆದರೆ ಅವೇ ಪದಗಳು ಅಲ್ಲಿಯೂ ನುಸುಳುತ್ತವೆ, ಪರೀಕ್ಷೆ ಸಲೀಸಾಗಿ ಪಾಸಾಗುತ್ತದೆ. ಅಂಗಡಿಯಲ್ಲಿ ಫೋನ್ ಎತ್ತುವ ಗುಮಾಸ್ತರನ್ನು ಕೂರಿಸಿಕೊಂಡು ರೈತರು ಕೇಳುವ ಮಾತನ್ನು ಇದ್ದ ಹಾಗೆಯೇ ಬರೆಸಿಕೊಳ್ಳಿ. ಐವತ್ತು, ಅರವತ್ತು ಸಾಕು. ಅದರಲ್ಲಿ ಎರಡು ಟೂಲ್‌ಗಳ ಗಡಿಯ ಮೇಲಿನವು ಹೆಚ್ಚಿರಲಿ. ಯಾವ ಟೂಲೂ ಬೇಡದವೂ ಇರಲಿ: ‘ಮುಂದಿನ ವಾರ ಡಬ್ಬಿಗೆ ದರ ಏರುತ್ತದೆಯೇ?’ ಎಂದರೆ ಯಾವ ಟೂಲನ್ನೂ ಕರೆಯದಿರುವುದೇ ಸರಿ. ಅರೆಬರೆಯವೂ ಇರಲಿ: ‘ನಮ್ಮ ಚೀಲ ಹೋದವೇ?’ ಎಂದರೆ ಲಾಟಿನ ಸಂಖ್ಯೆ ಊಹಿಸಬಾರದು, ತಿರುಗಿ ಕೇಳಬೇಕು. ಕಾಲು ಭಾಗ ಪ್ರಶ್ನೆಗಳನ್ನು ಎತ್ತಿಟ್ಟು, ತಿದ್ದುವುದೆಲ್ಲ ಮುಗಿದ ಮೇಲೆ ಮಾತ್ರ ಕೇಳಿ.

ಸರಿಯಾದ ಟೂಲ್ ಕರೆದೂ ತಪ್ಪು ದಿನಾಂಕ ತುಂಬುವುದುಂಟು. ಟೂಲ್ ಆಯ್ಕೆ, ತುಂಬಿದ ಮಾಹಿತಿ, ಕೊನೆಯ ಉತ್ತರ ಮೂರಕ್ಕೂ ಬೇರೆ ಬೇರೆ ಅಂಕ ಹಾಕಿ. ಒಟ್ಟಿಗೆ ಹಾಕಿದರೆ ದೋಷ ವಿವರಣೆಯದೋ ಅಂಕಣದ್ದೋ ಗೊತ್ತಾಗುವುದಿಲ್ಲ. ತಳಿಯ ಅಂಕಣವನ್ನು ಖಾಲಿ ಬಿಡದೆ ಡಬ್ಬಿ, ಕಡ್ಡಿ, ಗುಂಟೂರು ಎಂದು ಆಯ್ಕೆಗಳನ್ನೇ ಕೊಟ್ಟುಬಿಡಿ. ಅರ್ಧ ತಲೆನೋವು ಅಲ್ಲೇ ಹೋಗುತ್ತದೆ.

ಮರುಪ್ರಶ್ನೆ (ಧಾರವಾಡದಿಂದ): ಸರಿ ತಪ್ಪು ನೋಡುವ ಕೆಲಸವನ್ನು ಇನ್ನೊಂದು ಎಐ ಮಾದರಿಗೆ ವಹಿಸಬಹುದೇ?

ಉತ್ತರ: ಟೂಲ್‌ನ ಹೆಸರು ಹೊಂದಿತೇ ಎಂದು ನೋಡಲು ನಾಲ್ಕು ಸಾಲಿನ ಕೋಡ್ ಸಾಕು, ಅದಕ್ಕೇಕೆ ನ್ಯಾಯಾಧೀಶರು? ರೈತರಿಗೆ ಹೋದ ವಾಕ್ಯ ಸರಿಯಿದೆಯೇ ಎಂಬುದಕ್ಕೆ ಬೇಕಾದರೆ ಬಳಸಿ, ಆದರೆ ಆಗಾಗ ಕೆಲವನ್ನು ನೀವೇ ಓದಿ ತಾಳೆ ನೋಡಿ.

ಮರುಪ್ರಶ್ನೆ (ಗದಗದಿಂದ): ಬರ್ಕ್ಲಿ ವಿಶ್ವವಿದ್ಯಾಲಯದ ಫಂಕ್ಷನ್ ಕಾಲಿಂಗ್ (ಟೂಲ್ ಕರೆಯುವ ಸಾಮರ್ಥ್ಯದ) ಶ್ರೇಯಾಂಕದಲ್ಲಿ ಮೇಲಿರುವ ಮಾದರಿ ತೆಗೆದುಕೊಂಡರೆ ಇಷ್ಟೆಲ್ಲ ಬೇಕೇ?

ಉತ್ತರ: ಬೇಕು. ಅಲ್ಲಿ ಅಳೆಯುವುದು ಮಾದರಿಯನ್ನು, ಅವರ ಟೂಲ್‌ಗಳನ್ನು ಕೊಟ್ಟು. ನಿಮ್ಮ ಟೂಲ್‌ನ ವಿವರಣೆ ಅಲ್ಲಿಲ್ಲ. ಮಾದರಿ ಬದಲಿಸಿದಾಗ, ಹೊಸ ಟೂಲ್ ಸೇರಿಸಿದಾಗ ಇಡೀ ಪರೀಕ್ಷೆ ಮತ್ತೆ ಮಾಡಲೇಬೇಕು. ವಿವರಣೆಗಳನ್ನು ಮಾದರಿ ಒಟ್ಟಿಗೆ ಓದುತ್ತದೆ. ಹೊಸದೊಂದು ಬಂದು ಕುಳಿತರೆ ಹಳೆಯದರ ಪಾಲು ಕಸಿಯಬಹುದು.

ಬ್ಯಾಡಗಿಯಿಂದ, ನಾಲ್ಕು ದಿನದ ನಂತರ: ಮೇಡಂ, ಗುಮಾಸ್ತರು ಐವತ್ತೆರಡು ಪ್ರಶ್ನೆ ಬರೆಸಿದರು. ತಪ್ಪಾದವನ್ನು ಒಂದೆಡೆ ಇಟ್ಟು ನೋಡಿದರೆ ಹೆಚ್ಚಿನವುಗಳಲ್ಲಿ ‘ಪಟ್ಟಿ’ ಇದೆ. ‘ನನ್ನ ಪಟ್ಟಿ ಕಳಿಸಿ’, ‘ಪಟ್ಟಿಯಲ್ಲಿ ಎಷ್ಟು ಬಿತ್ತು?’ ರೈತರಿಗೆ ಪಟ್ಟಿ ಎಂದರೆ ಮಾರಾಟದ ಬಿಲ್ಲು. ನಾನು ‘ದರಪಟ್ಟಿ’ ಎಂದು ಬರೆದಿದ್ದೆ, ಏಜೆಂಟ್ ಅಲ್ಲಿಗೇ ಓಡುತ್ತಿತ್ತು. ನನ್ನ ಹತ್ತು ಪ್ರಶ್ನೆಗಳಲ್ಲಿ ಆ ಪದ ಒಮ್ಮೆಯೂ ಇರಲಿಲ್ಲ.

ಉತ್ತರ: ನಾನೂ ಅದನ್ನು ಓದಿ ಗಮನಿಸದೆ ದಾಟಿದ್ದೆ. ಮೊದಲನೆಯದರಿಂದ ಆ ಪದ ತೆಗೆದು, ಎತ್ತಿಟ್ಟ ಕಾಲು ಭಾಗ ಬಿಟ್ಟು ಉಳಿದವನ್ನು ಐದೈದು ಸಲ ಕೇಳಿ. ಎರಡನೆಯದಕ್ಕೆ ‘ರೈತರು ಪಟ್ಟಿ ಎನ್ನುವುದು ಇದನ್ನೇ’ ಎಂದು ಸೇರಿಸುವುದು ಆಮೇಲೆ. ಎರಡನ್ನೂ ಒಂದೇ ದಿನ ಬದಲಿಸಿದರೆ ಯಾವುದರಿಂದ ಸರಿಹೋಯಿತು ಎಂದು ಇಲ್ಲಿಗೇ ಬಂದು ಕೇಳುತ್ತೀರಿ.