ನ್ಯೂಕ್ ಎನ್‌ಡಿಕೆ: ಇನ್‌ಪುಟ್ 1ರ ಬೌಂಡಿಂಗ್ ಬಾಕ್ಸ್ ತಪ್ಪು ಬರುತ್ತಿದೆ

ಪ್ರಶ್ನೆ:
ನ್ಯೂಕ್ ಎಂಬ ಕಾಂಪೊಸಿಟಿಂಗ್ ತಂತ್ರಾಂಶಕ್ಕೆ, ಅದರ ಪ್ಲಗಿನ್ ಬರೆಯುವ ಕಿಟ್ ಆದ ಎನ್‌ಡಿಕೆಯಲ್ಲಿ, ಐಆಪ್ (ಚಿತ್ರ ಸಂಸ್ಕರಿಸುವ ನೋಡ್‌ಗಳ ಮೂಲ) ಕ್ಲಾಸ್ ಮೇಲೆ ಪ್ಲಗಿನ್ ಬರೆಯುತ್ತಿದ್ದೇನೆ. ಇನ್‌ಪುಟ್ 0 ಚಿತ್ರ, ಇನ್‌ಪುಟ್ 1 ಮಾಸ್ಕ್. ಮಾಸ್ಕ್‌ನ ಬೌಂಡಿಂಗ್ ಬಾಕ್ಸ್ (ಪಿಕ್ಸೆಲ್‌ಗಳಿರುವ ಆಯತ) ಎಷ್ಟು ಅಗಲವಿದೆ ಎಂಬುದರ ಮೇಲೆ ಬ್ಲರ್ ಅಳತೆ ನಿಂತಿದೆ. ಬ್ಲರ್ ಗರಿಷ್ಠ 12 ಪಿಕ್ಸೆಲ್. ವ್ಯಾಲಿಡೇಟ್ ಫಂಕ್ಷನ್‌ನಲ್ಲಿ (ಚಿತ್ರ ಲೆಕ್ಕ ಹಾಕುವ ಮುನ್ನ ನೋಡ್ ಸಿದ್ಧವಾಗುವ ಹಂತ) ಕಾಪಿ ಇನ್ಫೋ ಕರೆದ ಮೇಲೆ ಇನ್‌ಪುಟ್ 1ರ ಇನ್ಫೋ (ಬಾಕ್ಸ್ ಮುಂತಾದ ವಿವರ) ಓದುತ್ತೇನೆ. ಸ್ಕ್ರಿಪ್ಟ್ ತೆರೆದ ಕೂಡಲೇ ಅಗಲ ತಪ್ಪು. ವ್ಯೂವರನ್ನು ಮಾಸ್ಕ್ ನೋಡ್‌ಗೆ ಹಾಕಿ, ಮರಳಿ ಬಂದು ನನ್ನ ಪ್ಲಗಿನ್‌ನ ಯಾವುದಾದರೂ ನಾಬ್ (ಸೆಟ್ಟಿಂಗ್) ಬದಲಿಸಿದರೆ ಸರಿಯಾಗುತ್ತದೆ. ಬ್ಲರ್ ಆದ ಅಂಚು ಮೇಲೆ ಕೆಳಗೆ ಕತ್ತರಿಸಿದಂತೆಯೂ ಕಾಣುತ್ತದೆ. ಎಲ್ಲಿ ತಪ್ಪಿದೆ?

ಉತ್ತರ 1:
ಕಾಪಿ ಇನ್ಫೋ ಇನ್‌ಪುಟ್ 0 ಒಂದನ್ನೇ ವ್ಯಾಲಿಡೇಟ್ ಮಾಡುತ್ತದೆ. ಇನ್‌ಪುಟ್ 1ನ್ನು ಯಾರೂ ಮುಟ್ಟಿಲ್ಲ, ಹಾಗಾಗಿ ನಿಮಗೆ ಸಿಗುವುದು ಇನ್ನೂ ಲೆಕ್ಕ ಹಾಕದ ಇನ್ಫೋ. ವ್ಯೂವರ್ ಮಾಸ್ಕ್‌ಗೆ ಹೋದಾಗ ಅದು ವ್ಯಾಲಿಡೇಟ್ ಆಗುತ್ತದೆ. ನಾಬ್ ಬದಲಾದಾಗ ನಿಮ್ಮ ಹ್ಯಾಶ್ (ನೋಡ್‌ನ ಸದ್ಯದ ಸ್ಥಿತಿಯನ್ನು ಗುರುತಿಸುವ ಸಂಖ್ಯೆ) ಬದಲಾಗಿ ನಿಮ್ಮ ವ್ಯಾಲಿಡೇಟ್ ಮತ್ತೆ ಓಡಿ ಸರಿಯಾದ ಬೆಲೆ ಕಾಣುತ್ತದೆ. ಓದುವ ಮುನ್ನ ಇನ್‌ಪುಟ್ 1ರ ವ್ಯಾಲಿಡೇಟನ್ನು ನೀವೇ ಕರೆಯಿರಿ, ನಿಮ್ಮ ವ್ಯಾಲಿಡೇಟ್‌ಗೆ ಬಂದ ಫಾರ್ ರಿಯಲ್ ಆರ್ಗ್ಯುಮೆಂಟ್‌ನ ಬೆಲೆಯನ್ನೇ ಅದಕ್ಕೂ ಕೊಡಿ.

ಡಿಫಾಲ್ಟ್ ಇನ್‌ಪುಟ್ ಫಂಕ್ಷನ್‌ನಲ್ಲಿ ನಲ್ ಹಿಂತಿರುಗಿಸುತ್ತಿದ್ದರೆ ಇನ್ನೊಂದು ಎಚ್ಚರ: ಮಾಸ್ಕ್ ಜೋಡಿಸದಿದ್ದಾಗ ರೆಫರೆನ್ಸ್ ರೂಪ ಬಳಸಿದರೆ ಕ್ರ್ಯಾಶ್ ಖಚಿತ. ಪಾಯಿಂಟರ್ ತೆಗೆದುಕೊಂಡು ನಲ್ ಅಲ್ಲವೆಂದು ನೋಡಿ ಮುಂದುವರಿಯಿರಿ.

ಅಗಲ ಲೆಕ್ಕ ಹಾಕುವಾಗ ಆರ್ ಕಳೆ ಎಕ್ಸ್ ಅಷ್ಟೇ, 1 ಕೂಡಿಸಬೇಡಿ. ಎಕ್ಸ್ (ಎಡ ಅಂಚು) ಮತ್ತು ವೈ (ಕೆಳ ಅಂಚು) ಬಾಕ್ಸ್‌ನ ಒಳಗಿನವು, ಆರ್ (ಬಲ ಅಂಚು) ಮತ್ತು ಟಿ (ಮೇಲಿನ ಅಂಚು) ಹೊರಗಿನವು.

ಉತ್ತರ 2:
ಅಂಚು ಕತ್ತರಿಸುವುದು ಬೇರೆ ದೋಷ, ಎರಡು ಕಡೆ ತಿದ್ದಬೇಕು. ವ್ಯಾಲಿಡೇಟ್‌ನಲ್ಲಿ ಕಾಪಿ ಇನ್ಫೋ ಆದ ಮೇಲೆ ನಿಮ್ಮ ಇನ್ಫೋದ ಬಾಕ್ಸನ್ನು ಮೇಲೆ 12, ಕೆಳಗೆ 12 ಹಿಗ್ಗಿಸಿ; ಇಲ್ಲದಿದ್ದರೆ ಮೂಲ ಬಾಕ್ಸ್‌ನಾಚೆ ಹರಡಿದ ಬ್ಲರನ್ನು ಮುಂದಿನ ನೋಡ್ ಕೇಳುವುದೇ ಇಲ್ಲ. ಇನ್‌ಪುಟ್‌ನ ಯಾವ ಭಾಗ ಬೇಕೆಂದು ತಿಳಿಸುವ ರಿಕ್ವೆಸ್ಟ್ ಫಂಕ್ಷನ್‌ನಲ್ಲೂ ಇನ್‌ಪುಟ್ 0ರಿಂದ ವೈ ಕಳೆ 12ರಿಂದ ಟಿ ಕೂಡು 12ರವರೆಗೆ ಕೇಳಿ. ಕೇಳದ ಸಾಲನ್ನು ಎಂಜಿನ್‌ನಲ್ಲಿ (ಪಿಕ್ಸೆಲ್‌ಗಳನ್ನು ಸಾಲು ಸಾಲಾಗಿ ಲೆಕ್ಕ ಹಾಕುವ ಫಂಕ್ಷನ್) ಓದಿದರೆ ಏನು ಸಿಗುತ್ತದೆಂಬ ಖಾತರಿಯಿಲ್ಲ. ಮಾಸ್ಕ್‌ನ ಪಿಕ್ಸೆಲ್‌ಗಳನ್ನೂ ಓದುವುದಾದರೆ ಅದಕ್ಕೂ ಪ್ರತ್ಯೇಕ ರಿಕ್ವೆಸ್ಟ್ ಬೇಕು.

ಕೇಳಿದವರು:
ಇನ್‌ಪುಟ್ 1ರ ವ್ಯಾಲಿಡೇಟ್ ಸೇರಿಸಿದೆ, ಅಗಲ ಸರಿ ಬಂತು. ಅಂಚೂ ಸರಿಯಾಯಿತು. ಮಾಸ್ಕ್ ಅನಿಮೇಟ್ ಆಗಿರುವುದರಿಂದ ಅಗಲವನ್ನು ಎಂಜಿನ್‌ನಲ್ಲೇ ಓದುವುದು ಒಳ್ಳೆಯದೇ?

ಉತ್ತರ 1:
ಬೇಡ. ಎಂಜಿನ್ ಒಂದೇ ಸಮಯಕ್ಕೆ ಹಲವು ಥ್ರೆಡ್‌ಗಳಲ್ಲಿ ಓಡುತ್ತದೆ. ಅಲ್ಲಿ ವ್ಯಾಲಿಡೇಟ್ ಕರೆಯುವುದು, ನಾಬ್ ಹುಡುಕುವುದು, ಮೆಂಬರ್ ವೇರಿಯಬಲ್‌ಗೆ ಬರೆಯುವುದು ಮೂರೂ ಅಪಾಯ. ಮಾಸ್ಕ್ ಬದಲಾದ ಫ್ರೇಮ್‌ನಲ್ಲಿ ಅದರ ಹ್ಯಾಶ್ ನಿಮ್ಮ ಹ್ಯಾಶ್‌ಗೂ ಸೇರುವುದರಿಂದ ವ್ಯಾಲಿಡೇಟ್ ತಾನಾಗಿ ಮತ್ತೆ ಓಡುತ್ತದೆ. ಅಲ್ಲೇ ಲೆಕ್ಕ ಮುಗಿಸಿ ಮೆಂಬರ್‌ನಲ್ಲಿಡಿ. ಹೊರಗಿನ ಫೈಲ್‌ನಿಂದ ಏನಾದರೂ ಓದುತ್ತಿದ್ದರೆ ಮಾತ್ರ ಅಪೆಂಡ್ ಫಂಕ್ಷನ್‌ನಲ್ಲಿ ಅದು ಬದಲಾದ ಸಮಯವನ್ನು ಹ್ಯಾಶ್‌ಗೆ ಸೇರಿಸಿ, ಇಲ್ಲವಾದರೆ ಕ್ಯಾಶ್‌ನಲ್ಲಿರುವ ಹಳೆಯ ಚಿತ್ರವೇ ಬರುತ್ತಿರುತ್ತದೆ.